ಹಿತ್ತಲಲ್ಲಿ ಕ್ಯಾಂಪ್‌ಫೈರ್: ಗುಂಡಿ ತೋಡುವುದರಿಂದ ಬೂದಿ ಎತ್ತುವವರೆಗೆ

ಡಿಸೆಂಬರ್ ಬಂತೆಂದರೆ ಮಲೆನಾಡು, ಕೊಡಗಿನ ಕಡೆ ಸಂಜೆ ಆರೂವರೆಗೆಲ್ಲ ಚಳಿ ಹಿಡಿದುಕೊಳ್ಳುತ್ತದೆ. ಹೋಂಸ್ಟೇಗೆ ಬರುವವರು ರೂಮು ಕಾಯ್ದಿರಿಸುವಾಗಲೇ 'ಕ್ಯಾಂಪ್‌ಫೈರ್ ಇದೆಯಾ' ಎಂದು ಕೇಳುತ್ತಾರೆ. ಬೆಂಗಳೂರು, ಮೈಸೂರಿನ ಹೊರಗೆ ತೋಟದ ಮನೆ ಕಟ್ಟಿಕೊಂಡವರೂ ಹಿತ್ತಲಲ್ಲಿ ಒಂದು ಬೆಂಕಿ ಗುಂಡಿ ಮಾಡಿಸುತ್ತಿದ್ದಾರೆ. ಒಳ್ಳೆಯದೇ. ನಾಲ್ಕು ಜನ ಮೊಬೈಲ್ ಪಕ್ಕಕ್ಕಿಟ್ಟು ಸುತ್ತ ಕೂತು ಮಾತಾಡುವ ಜಾಗ ಈಗ ಬೇರೆಲ್ಲಿದೆ?

ಆದರೆ ಒಂದು ವಿಷಯ ನೆನಪಿರಲಿ. ನಮಗೆ ಬೆಂಕಿಯ ಅಭ್ಯಾಸ ಇರುವುದು ಬಚ್ಚಲೊಲೆಯಲ್ಲಿ, ಅಡುಗೆ ಒಲೆಯಲ್ಲಿ. ಅಲ್ಲಿ ಮೂರು ಕಡೆ ಗೋಡೆ, ಮೇಲೆ ಹಂಡೆ. ಬಯಲಲ್ಲಿ ಇದ್ಯಾವುದೂ ಇಲ್ಲ. ಗಾಳಿ ಎಲ್ಲಿಂದ ಬೇಕಾದರೂ ಬೀಸುತ್ತದೆ, ಕಿಡಿ ಎಲ್ಲಿಗೆ ಬೇಕಾದರೂ ಹಾರುತ್ತದೆ. ಜಾಸ್ತಿ ಅನಾಹುತ ಆಗುವುದು ಎರಡು ಹೊತ್ತಲ್ಲಿ: ಬೆಂಕಿ ಹಚ್ಚುವ ಮೊದಲ ಐದು ನಿಮಿಷ, ಮತ್ತೆ ಎಲ್ಲರೂ ಮಲಗಲು ಎದ್ದು ಹೋಗುವ ಕೊನೆಯ ಅರ್ಧ ಗಂಟೆ. ಅದಕ್ಕೇ ಈ ಲೇಖನದಲ್ಲಿ ಆ ಎರಡರ ಬಗ್ಗೆ ಜಾಸ್ತಿ ಬರೆದಿದ್ದೇನೆ.

ಮೊದಲು ಜಾಗ

ಮನೆ, ಕೊಟ್ಟಿಗೆ, ಹುಲ್ಲಿನ ಬಣವೆ, ಸೌದೆ ರಾಶಿ, ಗ್ಯಾಸ್ ಸಿಲಿಂಡರ್ ಇಟ್ಟ ಗೂಡು, ನಿಲ್ಲಿಸಿದ ಕಾರು, ಇವೆಲ್ಲದರಿಂದ ಕನಿಷ್ಠ 25 ಅಡಿ ದೂರ ಇರಲಿ. ಹಿತ್ತಲಿನ ಬೆಂಕಿ ಗುಂಡಿ ಮಾಮೂಲಾಗಿರುವ ಅಮೆರಿಕದಲ್ಲಿ ಎಷ್ಟೋ ಊರುಗಳ ನಿಯಮವೂ ಇದೇ 25 ಅಡಿ. ಸೋಗೆ ಹೊದಿಸಿದ ಚಪ್ಪರ, ಶಾಮಿಯಾನ ಇದ್ದರೆ ಇನ್ನೂ ದೂರ ಹೋಗಿ. ಸೋಗೆಗೆ ಒಂದು ಕಿಡಿ ಸಾಕು.

ಆಮೇಲೆ ತಲೆ ಎತ್ತಿ ನೋಡಿ. ಮೇಲೆ ಕರೆಂಟ್ ತಂತಿ ಹಾದು ಹೋಗಿರಬಾರದು. ಮರದ ಟೊಂಗೆ ಚಾಚಿರಬಾರದು. ತೆಂಗಿನ ಮರದ ಕೆಳಗಂತೂ ಬೇಡವೇ ಬೇಡ. ಒಣಗಿದ ಗರಿಗೆ ಬೆಂಕಿ ತಾಗಿದರೆ ಅಷ್ಟೆತ್ತರಕ್ಕೆ ನೀರು ಎರಚಲು ನಿಮ್ಮ ಕೈಲಿ ಆಗುವುದಿಲ್ಲ. ನೆಲದ ಕೆಳಗೆ ಏನಿದೆ ಅನ್ನುವುದೂ ಗೊತ್ತಿರಬೇಕು. ಡ್ರಿಪ್ ಪೈಪ್, ಬೋರ್‌ವೆಲ್ ಕೇಬಲ್ ಹೂತಿರಬಹುದು. ಸೆಪ್ಟಿಕ್ ಟ್ಯಾಂಕಿನ ಹತ್ತಿರ ಬೇಡ, ಅದರಲ್ಲಿ ಹತ್ತಿಕೊಳ್ಳುವ ಗ್ಯಾಸ್ ಇರುತ್ತದೆ.

ಗುಂಡಿಯ ಸುತ್ತ ಹತ್ತಡಿ ನೆಲವನ್ನು ಮಣ್ಣು ಕಾಣುವ ಹಾಗೆ ಗುಡಿಸಿ. ತರಗೆಲೆ, ಅಡಿಕೆ ಸಿಪ್ಪೆ, ಒಣಹುಲ್ಲು ಒಂದೂ ಇರಬಾರದು. ಅಡಿಕೆ ಸಿಪ್ಪೆ, ಭತ್ತದ ಉಮಿ ಮೇಲೆ ಕಿಡಿ ಬಿದ್ದರೆ ತಕ್ಷಣ ಉರಿ ಏಳುವುದಿಲ್ಲ, ಒಳಗೊಳಗೇ ಬೇಯುತ್ತಾ ಹೋಗುತ್ತದೆ. ಬೆಳಗ್ಗೆ ನೋಡಿದರೆ ಹತ್ತು ಅಡಿ ಆಚೆ ಹೊಗೆ ಬರುತ್ತಿರುತ್ತದೆ. ಅಡಿಕೆ ತೋಟದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ತಾರಸಿ ಮೇಲೆ, ಸಿಮೆಂಟ್ ಅಂಗಳದಲ್ಲಿ, ಇಂಟರ್‌ಲಾಕ್ ಇಟ್ಟಿಗೆ ಹಾಸಿದ ಕಡೆ ನೇರವಾಗಿ ಬೆಂಕಿ ಹಾಕಬೇಡಿ. ಕಾಂಕ್ರೀಟಿನೊಳಗಿನ ತೇವ ಆವಿಯಾಗಿ ಚಕ್ಕೆ ಸಿಡಿಯುತ್ತದೆ. ಆನ್‌ಲೈನಲ್ಲಿ ಸಿಗುವ ಕಬ್ಬಿಣದ ಕಾಲಿನ ಬಟ್ಟಲು ತಂದಿದ್ದರೂ ಅದನ್ನು ಮಣ್ಣಿನ ಮೇಲೇ ಇಡಿ. ಜೊತೆಗೆ ಬರುವ ಜಾಲರಿ ಮುಚ್ಚಳವನ್ನು ಎಲ್ಲೋ ಎಸೆಯದೆ ಬಳಸಿ, ಕಿಡಿ ಹಾರುವುದು ಬಹಳ ಕಡಿಮೆಯಾಗುತ್ತದೆ.

ಗುಂಡಿ

ಮೂರು ಅಡಿ ಅಗಲ, ಒಂದು ಅಡಿ ಆಳ ಧಾರಾಳವಾಯಿತು. ಇದಕ್ಕಿಂತ ದೊಡ್ಡದು ಮಾಡಿದರೆ ಅದನ್ನು ತುಂಬಿಸುವಷ್ಟು ಸೌದೆ ಹಾಕುವ ಆಸೆ ಬರುತ್ತದೆ. ತೋಡುವಾಗ ಬೇರು ಸಿಕ್ಕಿದರೆ ಜಾಗ ಬದಲಿಸಿ. ಒಣಬೇರಿಗೆ ಹಿಡಿದ ಕೆಂಡ ಮಣ್ಣಿನಡಿಯಲ್ಲೇ ದೂರ ಸಾಗಬಲ್ಲದು. ತಳಕ್ಕೆ ಎರಡು ಮೂರು ಇಂಚು ಒಣ ಜಲ್ಲಿ ಹಾಕಿದರೆ ನೀರು ನಿಲ್ಲುವುದಿಲ್ಲ.

ಸುತ್ತ ಕಟ್ಟಲು ಚೆನ್ನಾಗಿ ಸುಟ್ಟ ಇಟ್ಟಿಗೆ ಒಳ್ಳೆಯದು. ಹೊಳೆಯಿಂದ ತಂದ ನುಣುಪು ಕಲ್ಲು ನೋಡಲು ಚಂದ, ಆದರೆ ಅದರ ಸಣ್ಣ ಬಿರುಕುಗಳಲ್ಲಿ ನೀರು ಸೇರಿಕೊಂಡಿರುತ್ತದೆ. ಕಾದಾಗ ಆ ನೀರು ಆವಿಯಾಗಿ ಕಲ್ಲು ಪಟಾಕಿಯಂತೆ ಸಿಡಿಯುತ್ತದೆ, ಚೂರು ಕಣ್ಣಿಗೇ ಬರಬಹುದು. ಸೈಜುಗಲ್ಲನ್ನೂ ಉರಿಗೆ ತಾಗುವ ಹಾಗೆ ಇಡಬೇಡಿ. ಹಿಂದೆ ನಮ್ಮ ಕಲ್ಲುಕುಟಿಗರು ಬಂಡೆ ಮೇಲೆ ಬೆಂಕಿ ಹಾಕಿಯೇ ಚಪ್ಪಡಿ ಎಬ್ಬಿಸುತ್ತಿದ್ದರಲ್ಲ, ಬಿಸಿಗೆ ಗಟ್ಟಿ ಕಲ್ಲೂ ಪದರ ಬಿಟ್ಟು ಏಳುತ್ತದೆ ಅನ್ನುವುದು ಅವರಿಗೆ ಗೊತ್ತಿತ್ತು.

ಕೂರುವ ಕುರ್ಚಿ, ದಿಮ್ಮಿಗಳನ್ನು ಗುಂಡಿಯ ಅಂಚಿನಿಂದ ಐದಾರು ಅಡಿ ಹಿಂದಕ್ಕೆ ಹಾಕಿ. ಹಗುರ ಪ್ಲಾಸ್ಟಿಕ್ ಕುರ್ಚಿ ಬೇಡ. ಏಳುವಾಗ ಅದು ಜಾರಿದರೆ ನಾವು ಮುಂದಕ್ಕೆ ಮುಗ್ಗರಿಸುತ್ತೇವೆ.

ಸೌದೆ

ಹಸಿ ಸೌದೆ ಹೊಗೆ ಕಕ್ಕುತ್ತದೆ. ಆಗ ತಾನೇ ಕಡಿದ ಮರದ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ಆ ನೀರು ಆರುವ ತನಕ ಮರ ಸರಿಯಾಗಿ ಉರಿಯುವುದಿಲ್ಲ, ಬರೀ ಹೊಗೆ. ತೇವ ಶೇ 20ಕ್ಕಿಂತ ಕೆಳಗೆ ಬರಬೇಕು. ಅದಕ್ಕೆ ಸೀಳಿ, ಮಳೆ ತಾಗದ ಕಡೆ ಗಾಳಿಯಾಡುವಂತೆ ಒಟ್ಟಿ, ಆರು ತಿಂಗಳಿಂದ ಒಂದು ವರ್ಷ ಬಿಡಬೇಕು. ಒಣಗಿದೆಯೋ ಇಲ್ಲವೋ ನೋಡುವುದು ಸುಲಭ. ಎರಡು ತುಂಡು ಹಿಡಿದು ಒಂದಕ್ಕೊಂದು ಬಡಿಯಿರಿ. ಒಣಗಿದ್ದರೆ ಟಣ್ ಎಂದು ಗಟ್ಟಿ ಸದ್ದು, ಹಸಿಯಾಗಿದ್ದರೆ ಮಂಕು ಸದ್ದು. ಒಣಗಿದ ತುಂಡಿನ ತುದಿಯಲ್ಲಿ ಬಿರುಕು ಬಿಟ್ಟಿರುತ್ತದೆ, ತೊಗಟೆ ಸುಲಭವಾಗಿ ಬಿಡುತ್ತದೆ, ಕೈಗೆ ಹಗುರ.

ಕಾಫಿ ಕಟ್ಟಿಗೆ, ಸರ್ವೆ, ಅಕೇಶಿಯ, ಮಾವು, ಸಿಲ್ವರ್ ಓಕ್, ಹತ್ತಿರ ಏನು ಸಿಗುತ್ತದೋ ಅದು. ಬಿದಿರು ಮಾತ್ರ ಹುಷಾರು. ಗಂಟಿನ ನಡುವೆ ಸಿಕ್ಕಿಕೊಂಡ ಗಾಳಿ ಕಾದು ಡಬ್ ಎಂದು ಒಡೆಯುತ್ತದೆ, ಕೆಂಡ ಚೆಲ್ಲಾಡುತ್ತದೆ. ಹಾಕಲೇಬೇಕೆಂದರೆ ಉದ್ದಕ್ಕೆ ಸೀಳಿ ಹಾಕಿ. ತೆಂಗಿನ ಕರಟ ಜೋರಾಗಿ ಉರಿಯುತ್ತದೆ, ಒಂದೋ ಎರಡೋ ಸಾಕು.

ಕಾಡಂಚಿನಿಂದ ಕಟ್ಟಿಗೆ ಆರಿಸಿ ತರುವವರು ಮರ ಯಾವುದೆಂದು ತಿಳಿದು ತನ್ನಿ. ಕಾಡುಗೇರು, ಹೊಳಗೇರಿನ ಸೊನೆ ಮೈಗೆ ತಾಗಿದರೆ ಬೊಬ್ಬೆ ಏಳುವುದು ಹಳ್ಳಿಯವರಿಗೆಲ್ಲ ಗೊತ್ತು. ಅದನ್ನು ಸುಟ್ಟ ಹೊಗೆಯೂ ಕಣ್ಣಿಗೆ, ಗಂಟಲಿಗೆ ಒಳ್ಳೆಯದಲ್ಲ. ಗುರುತು ಸಿಗದ ಕಟ್ಟಿಗೆಯನ್ನು ತೋಟದಲ್ಲಿ ಕೆಲಸ ಮಾಡುವ ಹಿರಿಯರಿಗೆ ಒಮ್ಮೆ ತೋರಿಸಿ.

ಬಣ್ಣ ಹೊಡೆದ ಹಳೇ ಬಾಗಿಲು, ಪ್ಲೈವುಡ್, ಪಾರ್ಟಿಕಲ್ ಬೋರ್ಡು, ಗೆದ್ದಲು ಔಷಧಿ ಹಚ್ಚಿದ ಮರ, ಇವು ಬೇಡ. ಅಂಟು, ಬಣ್ಣ, ಔಷಧಿ ಎಲ್ಲವೂ ಹೊಗೆಯಲ್ಲಿ ನಮ್ಮ ಎದೆಗೇ ಇಳಿಯುತ್ತವೆ. ಊಟದ ತಟ್ಟೆ, ಚಿಪ್ಸ್ ಪ್ಯಾಕೆಟ್, ನೀರಿನ ಬಾಟಲಿಗಳನ್ನೂ ಬೆಂಕಿಗೆ ಎಸೆಯಬೇಡಿ. ಬಯಲಲ್ಲಿ ಕಸ ಸುಡುವುದನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರ್‌ನಲ್ಲೇ ದೇಶಕ್ಕೆಲ್ಲ ನಿಷೇಧಿಸಿ, 5,000 ರೂಪಾಯಿ ದಂಡ ಗೊತ್ತು ಮಾಡಿದೆ.

ಇವತ್ತು ಹಚ್ಚಬಹುದಾ?

ಹಚ್ಚುವ ಮುಂಚೆ ಐದು ನಿಮಿಷ ಹೊರಗೆ ಸುಮ್ನೆ ನಿಂತು ಗಾಳಿ ನೋಡಿ. ಎಲೆಗಳು, ಸಣ್ಣ ಕಡ್ಡಿಗಳು ಒಂದೇ ಸಮನೆ ಅಲುಗಾಡುತ್ತಿದ್ದರೆ ಗಾಳಿಯ ವೇಗ ಗಂಟೆಗೆ ಸುಮಾರು 12ರಿಂದ 19 ಕಿಲೋಮೀಟರ್. ಆಗ ಚಿಕ್ಕ ಬೆಂಕಿ ಸಾಕು. ಧೂಳು, ಕಾಗದದ ಚೂರು ಮೇಲೇಳುತ್ತಿದ್ದರೆ 20 ದಾಟಿದೆ ಎಂದು ಲೆಕ್ಕ. ಆ ದಿನ ಬೇಡ. ಅತಿಥಿಗಳು ದುಡ್ಡು ಕೊಟ್ಟಿದ್ದಾರೆ ಅನ್ನುವುದು ಕಾರಣವಾಗಬಾರದು. ಹೋಂಸ್ಟೇ ನಡೆಸುವವರು 'ಗಾಳಿ ಇದ್ದರೆ ಬೆಂಕಿ ಇಲ್ಲ' ಎಂದು ಬುಕಿಂಗ್ ಹೊತ್ತಲ್ಲೇ ಹೇಳಿಬಿಡಿ. ಗುಡ್ಡದ ಬುಡದ ಮನೆಗಳಿಗೆ ಇನ್ನೊಂದು ಮಾತು: ಸಂಜೆ ನೆಲ ತಣ್ಣಗಾದ ಮೇಲೆ ಗಾಳಿ ಇಳಿಜಾರಿನಲ್ಲಿ ಕೆಳಕ್ಕೆ ಬೀಸಲು ಶುರುವಾಗುತ್ತದೆ. ಆರು ಗಂಟೆಗೆ ನೋಡಿದ ದಿಕ್ಕು ಎಂಟಕ್ಕೆ ಇರುವುದಿಲ್ಲ.

ಫೆಬ್ರುವರಿಯಿಂದ ಮೊದಲ ಒಳ್ಳೆ ಮಳೆ ಬೀಳುವವರೆಗೆ ಕಾಡಿನ ಅಂಚಿನ ಮನೆಗಳಲ್ಲಿ ಬಯಲು ಬೆಂಕಿಯೇ ಬೇಡ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಆ ಹೊತ್ತಿಗೆ ಲಂಟಾನ, ಬೇಣದ ಹುಲ್ಲು ಎಲ್ಲ ಕಡ್ಡಿಯಾಗಿ ನಿಂತಿರುತ್ತವೆ. 2019ರ ಫೆಬ್ರುವರಿಯಲ್ಲಿ ಬಂಡೀಪುರ ಹೊತ್ತಿಕೊಂಡಾಗ ವಾಯುಪಡೆಯ ಹೆಲಿಕಾಪ್ಟರ್ ಬಂದು ನೀರು ಸುರಿಯಬೇಕಾಯಿತು. ಅದಕ್ಕೆ ಎರಡು ವರ್ಷ ಮುಂಚೆ, 2017ರಲ್ಲಿ, ಅಲ್ಲೇ ಬೆಂಕಿ ಆರಿಸಲು ಹೋದ ಅರಣ್ಯ ರಕ್ಷಕರೊಬ್ಬರು ಜೀವ ಕಳೆದುಕೊಂಡರು. ಮೀಸಲು ಅರಣ್ಯದೊಳಗೆ ಬೆಂಕಿ ಹಚ್ಚುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯಡಿ ಅಪರಾಧ. ನಿಮ್ಮ ಜಮೀನು ಕಾಡಿಗೆ ತಾಗಿದ್ದರೆ ಹತ್ತಿರದ ಅರಣ್ಯ ಕಚೇರಿಯಲ್ಲಿ ಒಂದು ಮಾತು ಕೇಳಿಕೊಳ್ಳಿ.

ಇನ್ನು ನೀರು. ಪೈಪ್ ಇದೆಯಲ್ಲ ಎಂದು ಕೂರಬೇಡಿ. ಕರೆಂಟ್ ಹೋದರೆ ಬೋರ್‌ವೆಲ್ ಮೋಟರ್ ನಿಲ್ಲುತ್ತದೆ, ಪೈಪ್ ಇದ್ದೂ ಇಲ್ಲದ ಹಾಗೆ. ಹಚ್ಚುವ ಮುಂಚೆಯೇ ಮೂರು ನಾಲ್ಕು ಬಕೆಟ್ ನೀರು ತುಂಬಿಸಿ ಗುಂಡಿಯ ಹತ್ತಿರ ಇಡಿ. ಜೊತೆಗೆ ಒಂದು ಸಲಿಕೆ, ಒಂದು ಬುಟ್ಟಿ ಮಣ್ಣು, ಒಂದು ಉಣ್ಣೆಯ ಕಂಬಳಿ. ಕರಿ ಕಂಬಳಿ ಮನೆಯಲ್ಲಿದ್ದರೆ ಅದೇ ಸರಿ. ಉಣ್ಣೆ ಸುಲಭಕ್ಕೆ ಹೊತ್ತಿಕೊಳ್ಳುವುದಿಲ್ಲ, ಯಾರದ್ದಾದರೂ ಬಟ್ಟೆಗೆ ಬೆಂಕಿ ತಗುಲಿದರೆ ಸುತ್ತಲು ಅದೇ ಬೇಕು.

ಹಚ್ಚುವುದು

ಇಲ್ಲೇ ದೊಡ್ಡ ತಪ್ಪು ನಡೆಯುವುದು. ಸೀಮೆಎಣ್ಣೆ ಈಗ ಸಿಗುವುದೇ ಕಷ್ಟ. ಹಾಗಾಗಿ ಬೈಕಿನಿಂದ ಒಂದು ಬಾಟಲಿ ಪೆಟ್ರೋಲ್ ತೆಗೆದು ಸುರಿಯುತ್ತಾರೆ. ದಯವಿಟ್ಟು ಇದನ್ನು ಮಾಡಲೇಬೇಡಿ.

ಏನಾಗುತ್ತದೆ ನೋಡಿ. ಪೆಟ್ರೋಲ್ ಸುರಿದ ಕ್ಷಣದಿಂದಲೇ ಆವಿಯಾಗುತ್ತದೆ. ಎಷ್ಟೇ ಚಳಿ ಇದ್ದರೂ ನಮ್ಮ ಊರಿನ ಚಳಿ ಅದಕ್ಕೆ ಲೆಕ್ಕಕ್ಕಿಲ್ಲ, ಸೊನ್ನೆಗಿಂತ 40 ಡಿಗ್ರಿ ಕೆಳಗೂ ಹತ್ತಿಕೊಳ್ಳುವಷ್ಟು ಆವಿ ಕೊಡುವ ಪದಾರ್ಥ ಅದು. ಆ ಆವಿ ಗಾಳಿಗಿಂತ ಭಾರ. ಹಾಗಾಗಿ ಮೇಲಕ್ಕೆ ಹೋಗದೆ ಗುಂಡಿಯಲ್ಲಿ ತುಂಬಿಕೊಂಡು, ಅಂಚು ದಾಟಿ, ನೆಲ ಹಿಡಿದು ನಿಮ್ಮ ಕಾಲ ಹತ್ತಿರ ಹರಡುತ್ತದೆ. ಕಣ್ಣಿಗೆ ಕಾಣುವುದಿಲ್ಲ. ಬೆಂಕಿಪೊಟ್ಟಣ ಯಾವ ಜೇಬಿನಲ್ಲಿದೆ ಎಂದು ಹುಡುಕುವ ಒಂದು ನಿಮಿಷದಲ್ಲಿ ನೀವು ಆ ಆವಿಯ ಮಧ್ಯೆ ನಿಂತಿರುತ್ತೀರಿ. ಕಡ್ಡಿ ಗೀರಿದಾಗ ಹತ್ತುವುದು ಸೌದೆಯಲ್ಲ, ಗಾಳಿಯೇ. ಬಗ್ಗಿದ ಮುಖ, ರೆಪ್ಪೆ, ಕೈ ಒಂದೇ ಸಲಕ್ಕೆ ಸುಡುತ್ತವೆ.

ಅದಕ್ಕಿಂತ ಕೆಟ್ಟದ್ದು ಆರುತ್ತಿರುವ ಬೆಂಕಿಗೆ ಮತ್ತೆ ಸುರಿಯುವುದು. ಉರಿ ಸುರಿಯುವ ಧಾರೆಯನ್ನೇ ಹಿಡಿದು ಮೇಲಕ್ಕೆ ಬಂದು ಬಾಟಲಿಯೊಳಗೆ ಹೋಗುತ್ತದೆ. ಹಿಡಿದವರು ಗಾಬರಿಯಿಂದ ಬಾಟಲಿ ಎಸೆಯುತ್ತಾರೆ. ಅದು ಎದುರು ಕೂತವರ ಮೇಲೆ ಬೀಳುತ್ತದೆ. ಡೀಸೆಲ್, ಥಿನ್ನರ್, ಸ್ಯಾನಿಟೈಸರ್, ಹಳೇ ಇಂಜಿನ್ ಆಯಿಲ್ ಯಾವುದೂ ಬೇಡ. ಸ್ಯಾನಿಟೈಸರ್ ಉರಿಯಂತೂ ಬೆಳಕಿನಲ್ಲಿ ಸರಿಯಾಗಿ ಕಾಣುವುದೂ ಇಲ್ಲ.

ಸೌದೆ ಒಣಗಿದ್ದರೆ ಇದ್ಯಾವುದರ ಅವಶ್ಯಕತೆಯೇ ಇಲ್ಲ. ತಳದಲ್ಲಿ ಒಂದು ಹಿಡಿ ತೆಂಗಿನ ಗುಂಜು ಅಥವಾ ಒಣಗಿದ ಅಡಿಕೆ ಹಾಳೆಯ ಚೂರು. ಅದರ ಮೇಲೆ ಬೆರಳು ಗಾತ್ರದ ಚಕ್ಕೆಗಳನ್ನು ಗೋಪುರದ ಹಾಗೆ ನಿಲ್ಲಿಸಿ, ನಡುವೆ ಗಾಳಿಯಾಡಲು ಸಂದಿ ಬಿಡಿ. ಎರಡು ಬಿಲ್ಲೆ ಕರ್ಪೂರ ಒಳಗಿಟ್ಟು, ಗಾಳಿ ಬರುವ ಕಡೆ ಬೆನ್ನು ಹಾಕಿ ಕೂತು ಹಚ್ಚಿ. ಚಕ್ಕೆ ಹಿಡಿದ ಮೇಲೆ ಕೈ ಮಣಿಕಟ್ಟಿನ ಗಾತ್ರದ ಸೌದೆ, ಆಮೇಲೆ ದಪ್ಪದ್ದು. ಉರಿ ಸೊರಗಿದರೆ ಊದುಗೊಳವೆ ಹಿಡಿದು ಬುಡಕ್ಕೆ ಊದಿ. ಅಟ್ಟದ ಮೇಲಿದ್ದರೆ ಕೆಳಗಿಳಿಸಿ, ಮುಖ ಬೆಂಕಿಯಿಂದ ಎರಡಡಿ ದೂರ ಇರುತ್ತದೆ. ಒಟ್ಟು ಸೌದೆಯ ರಾಶಿ ಎರಡಡಿ ಎತ್ತರ ದಾಟದಿರಲಿ. ಉದ್ದ ಕೊರಡನ್ನು ಹೊರಗೆ ಚಾಚಿಕೊಂಡಿರುವ ಹಾಗೆ ಇಟ್ಟರೆ ಯಾರಾದರೂ ಎಡವುತ್ತಾರೆ, ಕೆಂಡ ಆಚೆ ಉರುಳುತ್ತದೆ.

ಉರಿಯುತ್ತಿರುವಾಗ

ಬೆಂಕಿ ನೋಡಿಕೊಳ್ಳಲು ಒಬ್ಬರು ಇರಬೇಕು. ಅವರು ಆ ಸಂಜೆ ಕುಡಿಯಬಾರದು, ಬಿಟ್ಟು ಹೋಗಬಾರದು. 'ಎಲ್ಲರೂ ಇದ್ದೀವಲ್ಲ' ಅಂದರೆ ಯಾರೂ ನೋಡುತ್ತಿಲ್ಲ ಎಂದೇ ಅರ್ಥ.

ಬಟ್ಟೆಯ ಬಗ್ಗೆ ಹೆಣ್ಣುಮಕ್ಕಳಿಗೆ ಮಾತ್ರ ಹೇಳುವುದು ಸರಿಯಲ್ಲ, ಗಂಡಸರ ಟ್ರ್ಯಾಕ್ ಪ್ಯಾಂಟು, ಜರ್ಕಿನ್ನು ಕೂಡ ನೈಲಾನ್, ಪಾಲಿಯೆಸ್ಟರೇ. ಅವು ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತವೆ. ಹತ್ತಿ ಅಥವಾ ಉಣ್ಣೆ ಒಳ್ಳೆಯದು. ಸೆರಗು, ದುಪಟ್ಟಾ ಸೊಂಟಕ್ಕೆ ಸಿಕ್ಕಿಸಿ. ಮಕ್ಕಳಿಗೆ ಗುಂಡಿಯಿಂದ ಮೂರು ಅಡಿ ದೂರದಲ್ಲಿ ಸುಣ್ಣದಲ್ಲಿ ಒಂದು ಗೆರೆ ಎಳೆದು ತೋರಿಸಿ. 'ಹತ್ತಿರ ಹೋಗಬೇಡ' ಅಂದರೆ ಅವರಿಗೆ ಎಷ್ಟು ಹತ್ತಿರ ಅನ್ನುವುದು ಗೊತ್ತಾಗುವುದಿಲ್ಲ, ಗೆರೆ ಕಂಡರೆ ಗೊತ್ತಾಗುತ್ತದೆ.

ಕೆಂಡದಲ್ಲಿ ಗೆಣಸು ಸುಡುವುದು ಸುಲಭ. ಹಲಸಿನ ಬೀಜ ಹಾಕುವುದಾದರೆ ಮೊದಲು ಒಂದೊಂದಕ್ಕೂ ಕತ್ತಿಯಿಂದ ಗೀರು ಹಾಕಿ, ಇಲ್ಲದಿದ್ದರೆ ಸಿಡಿಯುತ್ತವೆ. ಹಸಿ ಗೇರುಬೀಜವನ್ನು ಮಾತ್ರ ಜನ ಸುತ್ತ ಕೂತಾಗ ಹಾಕಬೇಡಿ. ಸಿಪ್ಪೆಯ ಎಣ್ಣೆ ಚಿಮ್ಮಿ ಹೊತ್ತಿಕೊಳ್ಳುತ್ತದೆ, ಮೈಗೆ ಬಿದ್ದರೆ ಚರ್ಮ ಸುಡುತ್ತದೆ, ಹೊಗೆಯೂ ಖಾರ. ಸೊಳ್ಳೆ ಸ್ಪ್ರೇ, ಡಿಯೋಡರೆಂಟ್ ಡಬ್ಬಿ, ಪವರ್ ಬ್ಯಾಂಕ್ ಇವನ್ನೆಲ್ಲ ಬೆಂಕಿಯಿಂದ ದೂರ ಇಡಿ. ಆಸ್ತಮಾ ಇರುವವರನ್ನು, ಪುಟ್ಟ ಮಕ್ಕಳನ್ನು ಹೊಗೆ ಬರದ ಕಡೆ ಕೂರಿಸಿ.

ಯಾರದ್ದಾದರೂ ಬಟ್ಟೆಗೆ ಬೆಂಕಿ ತಗುಲಿದರೆ ಓಡಲು ಬಿಡಬೇಡಿ. ನಿಲ್ಲಿಸಿ, ಮಲಗಿಸಿ, ಉರುಳಿಸಿ, ಕಂಬಳಿ ಸುತ್ತಿ. ಸುಟ್ಟ ಜಾಗಕ್ಕೆ ಕೂಡಲೇ ಹರಿಯುವ ತಣ್ಣೀರು ಬಿಡಿ, ಪೂರ್ತಿ 20 ನಿಮಿಷ. ನಲ್ಲಿ ಇಲ್ಲವೆಂದರೆ ಚೊಂಬಿನಿಂದ ಸುರಿಯುತ್ತಲೇ ಇರಿ. ಟೂತ್‌ಪೇಸ್ಟ್, ಕಾಫಿಪುಡಿ, ಬೆಣ್ಣೆ, ಅರಿಶಿನ, ಸಗಣಿ, ಐಸ್ ಏನನ್ನೂ ಹಚ್ಚಬಾರದು. ಇವು ಬಿಸಿಯನ್ನು ಒಳಗೇ ಹಿಡಿದಿಡುತ್ತವೆ ಇಲ್ಲವೇ ನಂಜು ತರುತ್ತವೆ, ಐಸ್ ಚರ್ಮವನ್ನು ಇನ್ನಷ್ಟು ಕೆಡಿಸುತ್ತದೆ. ಊದಿಕೊಳ್ಳುವ ಮುಂಚೆ ಬಳೆ, ಉಂಗುರ ತೆಗೆಯಿರಿ. ಅಂಟಿದ ಬಟ್ಟೆ ಕೀಳಬೇಡಿ. ತೊಳೆದ ಹತ್ತಿ ಬಟ್ಟೆ ಸಡಿಲವಾಗಿ ಹೊದಿಸಿ. ಮುಖ, ಕೈ, ಕೀಲು ಸುಟ್ಟಿದ್ದರೆ, ಗಾಯ ಅಂಗೈಗಿಂತ ದೊಡ್ಡದಿದ್ದರೆ, ಸುಟ್ಟುಕೊಂಡವರು ಮಗುವಾಗಿದ್ದರೆ ಆಸ್ಪತ್ರೆಗೆ ಹೋಗಲೇಬೇಕು. ಆಂಬುಲೆನ್ಸ್‌ಗೆ 108, ಅಗ್ನಿಶಾಮಕ ದಳಕ್ಕೆ 101 ಅಥವಾ 112. ಘಟ್ಟದ ದಾರಿಯಲ್ಲಿ ವಾಹನ ಬರಲು ಹೊತ್ತಾಗುತ್ತದೆ, ಆದ್ದರಿಂದ ಫೋನು ಮೊದಲು, ನೀರು ಎರಚುತ್ತಲೇ.

ಆರಿಸುವುದು

ಮಲಗುವ ಒಂದು ಗಂಟೆ ಮುಂಚೆ ಸೌದೆ ಹಾಕುವುದು ನಿಲ್ಲಿಸಿ. ಇದೇ ಅರ್ಧ ಕೆಲಸ. ದಪ್ಪ ದಿಮ್ಮಿ ಹಾಕಿದ ಹತ್ತು ನಿಮಿಷಕ್ಕೆ ಎಲ್ಲರೂ ಎದ್ದು ಹೋದರೆ, ಅದು ಬೆಳಗಿನ ತನಕ ಉರಿಯುತ್ತದೆ.

ಉಳಿದ ಕೆಂಡವನ್ನು ಸಲಿಕೆಯಿಂದ ಗುಂಡಿಯೊಳಗೇ ಹರಡಿ. ಗಾಳಿ ಬರುವ ಕಡೆ ನಿಂತು ಅಂಚಿನಿಂದ ನಿಧಾನವಾಗಿ ನೀರು ಹಾಕಿ. ಬಕೆಟ್ಟನ್ನು ಒಮ್ಮೆಲೇ ಬೋರಲು ಹಾಕಿದರೆ ಬಿಸಿ ಹಬೆ, ಬೂದಿ ಮುಖಕ್ಕೇ ಏಳುತ್ತದೆ. ಒಂದು ಬಕೆಟ್ ಮುಗಿದ ಮೇಲೆ ಸಲಿಕೆಯಿಂದ ತಳ ಸೇರುವ ಹಾಗೆ ಕಲಸಿ. ಅಡಿಯಲ್ಲಿದ್ದ ಕೆಂಡ ಮೇಲೆ ಬಂದು ಕಣ್ಣು ಬಿಡುತ್ತದೆ. ಮತ್ತೆ ನೀರು, ಮತ್ತೆ ಕಲಸುವುದು. ಚುಂಯ್ ಎನ್ನುವ ಸದ್ದು ಪೂರ್ತಿ ನಿಲ್ಲುವ ತನಕ ಬಿಡಬೇಡಿ. ಅರ್ಧ ಸುಟ್ಟ ಕೊರಡುಗಳನ್ನು ಮಗುಚಿ, ಒಳಮೈಗೂ ನೀರು ಹೋಗಲಿ. ಕೊನೆಗೆ ಹಿಂಗೈಯನ್ನು ಬೂದಿಯ ಒಂದು ಗೇಣು ಮೇಲೆ ಹಿಡಿದು ನೋಡಿ. ಬಿಸಿ ಹೊಡೆಯದಿದ್ದರೆ ಮೆಲ್ಲಗೆ ಕೆಳಗೆ ತನ್ನಿ. ಮುಟ್ಟಲು ಆಗುವಷ್ಟು ತಣ್ಣಗಾದಾಗ ಬೆಂಕಿ ಆರಿದೆ ಎಂದು ಲೆಕ್ಕ.

ಮರಳು, ಮಣ್ಣು ಮುಚ್ಚಿ ಹೋಗುವ ಅಭ್ಯಾಸ ಬಹಳ ಕಡೆ ಇದೆ. ಅದು ಬೆಂಕಿಯನ್ನು ಮುಚ್ಚುತ್ತದೆ, ಆರಿಸುವುದಿಲ್ಲ. ಮರಳಿನಡಿಯ ಕೆಂಡ ಎಂಟು ಗಂಟೆ ಕಳೆದರೂ ಚರ್ಮ ಸುಡುವಷ್ಟು ಬಿಸಿ ಇರುತ್ತದೆ. ಮೇಲೆ ನೋಡಿದರೆ ಬರೀ ಮರಳು. ಬೆಳಗ್ಗೆ ಎದ್ದ ಮಗು ಬರಿಗಾಲಲ್ಲಿ ಆಡುತ್ತಾ ಅದರ ಮೇಲೇ ಕಾಲಿಡುತ್ತದೆ. ಮಣ್ಣು ಬಕೆಟ್ ಪಕ್ಕದಲ್ಲಿ ಇಡಲು ಹೇಳಿದ್ದು ಆಚೆ ಸಿಡಿದ ಕಿಡಿಯನ್ನು ತಕ್ಷಣ ಅದುಮಲು ಮಾತ್ರ.

ಒಂದು ಮಾತನ್ನು ಬೇಡಿಕೊಂಡು ಹೇಳುತ್ತೇನೆ. ಚಳಿ ಎಂದು ಉಳಿದ ಕೆಂಡವನ್ನು ಬಾಂಡ್ಲಿಯಲ್ಲಿ ತುಂಬಿಕೊಂಡು ರೂಮಿಗೋ ಟೆಂಟಿಗೋ ಒಯ್ಯಬೇಡಿ. ಹೊಗೆ ಇಲ್ಲದ ಕೆಂಡವೂ ಕಾರ್ಬನ್ ಮೊನಾಕ್ಸೈಡ್ ಬಿಡುತ್ತಲೇ ಇರುತ್ತದೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ತಲೆನೋವು, ವಾಕರಿಕೆ, ಆಮೇಲೆ ಮಂಪರು. ಮಲಗಿದವರಿಗೆ ಅದೂ ತಿಳಿಯುವುದಿಲ್ಲ, ನಿದ್ದೆಯಲ್ಲೇ ಪ್ರಾಣ ಹೋಗುತ್ತದೆ. ಕಿಟಕಿ ಸ್ವಲ್ಪ ತೆರೆದಿದ್ದರೆ ಸಾಕು ಎಂದುಕೊಳ್ಳುವುದೂ ಬೇಡ. ಇನ್ನೊಂದು ರಗ್ಗು ಕೇಳಿ, ಬಿಸಿನೀರಿನ ಬ್ಯಾಗ್ ಇಟ್ಟುಕೊಳ್ಳಿ.

ಬೂದಿ

ನೀರು ಹಾಕಿ ಕಲಸಿದ್ದರೂ ಬೆಳಗ್ಗೆ ಮತ್ತೊಮ್ಮೆ ಕೆದಕಿ ನೋಡಿ. ನೀರು ಸರಿಯಾಗಿ ತಾಗದ ಬೂದಿಯೊಳಗೆ ಕೆಂಡ ಮೂರು ನಾಲ್ಕು ದಿನವೂ ಉಳಿಯಬಹುದು. ಎತ್ತುವುದು ಕಬ್ಬಿಣದ ಬಾಂಡ್ಲಿಯಲ್ಲೇ. ಪ್ಲಾಸ್ಟಿಕ್ ಬುಟ್ಟಿ, ಗೋಣಿಚೀಲ, ರಟ್ಟಿನ ಪೆಟ್ಟಿಗೆ ಬೇಡ. ತಿಪ್ಪೆಗೆ, ಗೊಬ್ಬರದ ಗುಂಡಿಗೆ ಅವತ್ತೇ ಸುರಿಯಬೇಡಿ, ಅಲ್ಲಿ ಒಣ ಎಲೆ ಇರುತ್ತದೆ. ನಾಲ್ಕು ದಿನ ಬಾಂಡ್ಲಿಯಲ್ಲೇ ಬಿಟ್ಟು ಆಮೇಲೆ ತೆಂಗಿನ ಬುಡಕ್ಕೆ ತೆಳ್ಳಗೆ ಹರಡಿ. ಬರೀ ಸೌದೆ ಸುಟ್ಟ ಬೂದಿಯಾದರೆ ಮಾತ್ರ.

ಪ್ರತಿ ಸಲ ಬೂದಿ ತೆಗೆದಾಗ ಸುತ್ತಲಿನ ಇಟ್ಟಿಗೆಗಳನ್ನು ಒಂದು ಸುತ್ತು ಅಲುಗಾಡಿಸಿ ನೋಡಿ, ಬಿರುಕು ಬಿಟ್ಟವನ್ನು ಬದಲಿಸಿ. ಜೂನ್‌ಗೆ ಮುಂಚೆ ಗುಂಡಿಯ ಮೇಲೆ ಒಂದು ತಗಡು ಮುಚ್ಚಿ ಕಲ್ಲು ಹೇರಿ, ಇಲ್ಲದಿದ್ದರೆ ಮಳೆನೀರು ನಿಂತು ಸೊಳ್ಳೆ ಮರಿ ಹಾಕುತ್ತದೆ. ಮುಂದಿನ ಚಳಿಗಾಲಕ್ಕೆ ಬೇಕಾದ ಸೌದೆಯನ್ನೂ ಮಳೆ ಹಿಡಿಯುವ ಮುಂಚೆಯೇ ಸೀಳಿ ಕೊಟ್ಟಿಗೆಯ ಮಾಡಿನಡಿ ಒಟ್ಟಿಬಿಡಿ.